ಟಿಬಿ ಇದ್ದವರಿಗೆ ಕ್ಯಾನ್ಸರೂ ಇರಬಹುದೇ?

ಇರಬಹುದು. ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು ಶ್ವಾಸಕೋಶದ ಟಿಬಿಗೂ ಕ್ಯಾನ್ಸರಿಗೂ ಸಮಾನ ಲಕ್ಷಣ. ಎಕ್ಸ್‌ರೇಯಲ್ಲೂ ಎರಡು ಒಂದೇ ಥರ ಕಾಣುವುದುಂಟು. ಹಾಗಾಗಿ ಒಂದು ಪತ್ತೆಯಾದಾಗ ಇನ್ನೊಂದು ತಪ್ಪಿಹೋಗಬಹುದು.

ಹಳೇ ಟಿಬಿಯ ಕಲೆ, ದೀರ್ಘಕಾಲದ ಉರಿಯೂತ ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತವೆ. ಬೀಡಿ, ಸಿಗರೇಟು ಎರಡಕ್ಕೂ ದಾರಿ. ಕೀಮೋದಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಒಳಗೆ ಮಲಗಿದ್ದ ಟಿಬಿ ಏಳಲೂಬಹುದು.

ಟಿಬಿಗೆ ಕಫ ಪರೀಕ್ಷೆ. ಕ್ಯಾನ್ಸರ್ ಖಚಿತಕ್ಕೆ ಸಿಟಿ ಸ್ಕ್ಯಾನ್ ಜೊತೆ ಬಯಾಪ್ಸಿ ಬೇಕು. ಸಾಮಾನ್ಯ ಟಿಬಿಗೆ 6 ತಿಂಗಳ ಮದ್ದು. 2 ತಿಂಗಳು ತಪ್ಪದೆ ತೆಗೆದುಕೊಂಡರೂ ಕೆಮ್ಮು, ತೂಕ ಸುಧಾರಿಸದಿದ್ದರೆ "ಡಾಕ್ಟ್ರೇ, ಬೇರೆ ಏನಾದ್ರೂ ಇದೆಯಾ ನೋಡಿ" ಅಂತ ಕೇಳಿ. ಅದು ಮದ್ದಿಗೆ ಬಗ್ಗದ ಟಿಬಿಯೂ ಆಗಿರಬಹುದು. ಹಾಗಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಟಿಬಿಯ ರಿಫಾಂಪಿಸಿನ್ ಮಾತ್ರೆ ಕೆಲವು ಕ್ಯಾನ್ಸರ್ ಮಾತ್ರೆಗಳ ಬಲ ಕುಗ್ಗಿಸುತ್ತದೆ. ಕಾಸರಗೋಡು, ಮಂಜೇಶ್ವರದ ನಮ್ಮವರಿಗೆ ಟಿಬಿ ಮದ್ದು ಊರಿನ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಕ್ಯಾನ್ಸರ್ ಚಿಕಿತ್ಸೆಗೆ ಮಂಗಳೂರಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಹೋಗುವವರು ಎರಡೂ ಕಡೆಯ ಚೀಟಿಗಳನ್ನು ಇಬ್ಬರು ವೈದ್ಯರಿಗೂ ತಪ್ಪದೆ ತೋರಿಸಿ.