ಮಂಗಳವಾರದ ಬಕೆಟ್

ಮಳೆಗಾಲ ಬಂತೆಂದರೆ ನಮ್ಮಂಥ ಸ್ಟ್ರಿಂಗರ್‌ಗಳು ಬೆಳಗ್ಗೆಯೇ ಮಿಲಿಮೀಟರ್ ಲೆಕ್ಕಕ್ಕೆ ಇಳಿಯುತ್ತೇವೆ. ಯಾವ ತಾಲ್ಲೂಕಿನಲ್ಲಿ ಎಷ್ಟು, ಯಾವ ಹೋಬಳಿಯಲ್ಲಿ ಎಷ್ಟು ಎಂದು ಪಟ್ಟಿ ಮಾಡಿ ಡೆಸ್ಕಿಗೆ ಕಳಿಸುತ್ತೇವೆ. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಟೆಲಿಮೆಟ್ರಿಕ್ ಮಳೆಮಾಪಕಗಳಿರುವುದರಿಂದ ಅಂಕಿ ಸಿಗುವುದು ಕಷ್ಟವಿಲ್ಲ. ಆದರೆ ಬಿದ್ದ ಮಳೆಯೊಳಗೆ ಏನಿತ್ತು ಎಂದು ನಾವು ಬರೆದದ್ದಿಲ್ಲ, ಡೆಸ್ಕಿನವರು ಕೇಳಿದ್ದೂ ಇಲ್ಲ.

ಬೇರೆ ಕಡೆ ಅದನ್ನು ಬಹಳ ಹಿಂದೆಯೇ ಕೇಳಿದ್ದಾರೆ, ಅದೂ ಕೃಷಿಯ ಕಾರಣಕ್ಕೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬಿಬ್ಬರು 1853ರಲ್ಲಿ ಎಕರೆಯ ಸಾವಿರದ ಒಂದು ಭಾಗದಷ್ಟು ವಿಸ್ತಾರದ ಮಳೆಮಾಪಕ ಕಟ್ಟಿಸಿದರು. ನಮ್ಮ ಲೆಕ್ಕದಲ್ಲಿ ಗುಂಟೆಯ ಇಪ್ಪತ್ತೈದನೇ ಒಂದು ಪಾಲು. ಮಳೆಯ ಜೊತೆ ಹೊಲಕ್ಕೆ ಎಷ್ಟು ಸಾರಜನಕ ಬಿಟ್ಟಿಯಾಗಿ ಬರುತ್ತದೆ ಎಂಬುದು ಅವರ ಪ್ರಶ್ನೆ. ಮ್ಯಾಂಚೆಸ್ಟರಿನ ರಸಾಯನಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್ 1872ರ ತಮ್ಮ ಪುಸ್ತಕದಲ್ಲಿ ‘ಆಮ್ಲ ಮಳೆ’ ಎಂಬ ಮಾತನ್ನು ಬಳಸಿದರು. ಆಮೇಲೆ ಬಹುಕಾಲ ಅದನ್ನು ಯಾರೂ ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ.

ಸ್ವೀಡನ್ನಿನಲ್ಲಿ ಹಾನ್ಸ್ ಎಗ್ನೇರ್ ಎಂಬ ಮಣ್ಣುವಿಜ್ಞಾನಿ 1940ರ ದಶಕದ ಕೊನೆಯಲ್ಲಿ ದೇಶದ ಹಲವು ಕಡೆ ಮಳೆನೀರು ಸಂಗ್ರಹಿಸುವ ಕೇಂದ್ರಗಳನ್ನು ಶುರುಮಾಡಿದರು. ಅವರದ್ದೂ ಬೆಳೆಗೆ ಸಿಗುವ ಪೋಷಕಾಂಶದ ಲೆಕ್ಕವೇ. ಆದರೆ ಆ ಅಂಕಿಗಳನ್ನು ಒಟ್ಟಿಗಿಟ್ಟು ನೋಡಿದ ಸ್ವಾಂಟೆ ಓಡೇನ್‌ಗೆ ಬೇರೆಯದೇ ಕಂಡಿತು: ಬ್ರಿಟನ್ ಮತ್ತು ಮಧ್ಯ ಯುರೋಪಿನ ಚಿಮಣಿಗಳ ಗಂಧಕ ಸ್ಕ್ಯಾಂಡಿನೇವಿಯಾದ ಕೆರೆಗಳಿಗೆ ಬಂದು ಬೀಳುತ್ತಿದೆ. 1967ರ ಅಕ್ಟೋಬರ್‌ನಲ್ಲಿ ಅವರು ಇದನ್ನು ‘ಡಾಗೆನ್ಸ್ ನೀಹೆಟರ್’ ದಿನಪತ್ರಿಕೆಯಲ್ಲಿ ಬರೆದರು. ದಿನಪತ್ರಿಕೆಯಲ್ಲಿ! ಈ ಬ್ಲಾಗಿನ ಓದುಗರಿಗೆ ಇದು ಖುಷಿ ಕೊಡಬೇಕು.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ಜೀನ್ ಲೈಕೆನ್ಸ್, ಹರ್ಬರ್ಟ್ ಬೋರ್ಮನ್ ಮತ್ತು ಸಂಗಡಿಗರು 1963ರಿಂದ ಮಳೆನೀರು ಹಿಡಿಯುತ್ತಿದ್ದರು. ಶುದ್ಧ ಮಳೆಯ ಪಿಎಚ್ ಸುಮಾರು 5.6 ಇರಬೇಕು. ಅಲ್ಲಿ ಸಿಕ್ಕಿದ್ದು 4ರ ಆಸುಪಾಸು. ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿದಂತೆ, ಆದ್ದರಿಂದ ಇದು ಸಣ್ಣ ವ್ಯತ್ಯಾಸವಲ್ಲ. ವಿಷಯ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಬುಡಕ್ಕೆ ಬಂದಾಗ ತಕರಾರು ಎದ್ದಿತು. ಹಳೆಯ ಮಾದರಿಗಳನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಸಂಗ್ರಹಿಸಿದ್ದಾರೆ, ಇವನ್ನು ಹೋಲಿಸುವುದು ಹೇಗೆ ಎಂದು ಕೇಳಿದರು. ಕೇಳಿದವರ ಉದ್ದೇಶ ಏನೇ ಇರಲಿ, ಪ್ರಶ್ನೆಯಲ್ಲಿ ಹುರುಳಿತ್ತು.

ಅದಕ್ಕೆ ಸಿಕ್ಕ ಉತ್ತರ ಒಂದು ಬಕೆಟ್. 1978ರಲ್ಲಿ 22 ಕೇಂದ್ರಗಳೊಂದಿಗೆ ಶುರುವಾದ ಅಮೆರಿಕದ ರಾಷ್ಟ್ರೀಯ ವಾಯುಮಂಡಲ ನಿಕ್ಷೇಪ ಕಾರ್ಯಕ್ರಮ ಎಲ್ಲ ಕಡೆಗೂ ಒಂದೇ ಯಂತ್ರ, ಒಂದೇ ನಿಯಮ ಇಟ್ಟಿತು. ಯಂತ್ರದಲ್ಲಿ ಎರಡು ಬಕೆಟ್, ಒಂದು ಮುಚ್ಚಳ. ಸಂವೇದಕದ ಜಾಲರಿಗೆ ಹನಿ ಬಿದ್ದರೆ ಸರ್ಕ್ಯೂಟ್ ಕೂಡಿ, ಮುಚ್ಚಳ ಮಳೆಯ ಬಕೆಟ್‌ನಿಂದ ಸರಿದು ಪಕ್ಕದ ಬಕೆಟ್ ಮೇಲೆ ಕೂರುತ್ತದೆ. ಮಳೆ ನಿಂತು ಜಾಲರಿ ಒಣಗಿದರೆ ವಾಪಸ್ ಬರುತ್ತದೆ. ಹಾಗಾಗಿ ಮಳೆ ಇಲ್ಲದ ಹೊತ್ತಿನ ಧೂಳು ಮಾದರಿಗೆ ಸೇರುವುದಿಲ್ಲ.

ಉಳಿದದ್ದೆಲ್ಲ ಮನುಷ್ಯರ ಕೆಲಸ. ಪ್ರತಿ ಮಂಗಳವಾರ ಬೆಳಗ್ಗೆ 9ರ ಸುಮಾರಿಗೆ ಒಬ್ಬರು ಹೋಗಿ ಬಕೆಟ್ ಬದಲಿಸಬೇಕು. ಹಾಗೆ ಹೋಗುವವರಲ್ಲಿ ರಾಷ್ಟ್ರೀಯ ಉದ್ಯಾನದ ಸಿಬ್ಬಂದಿ, ಕೃಷಿ ಸಂಶೋಧನಾ ಕೇಂದ್ರಗಳ ನೌಕರರು, ಸ್ವಯಂಸೇವಕರು ಎಲ್ಲರೂ ಇದ್ದಾರೆ. ಕೈಗವಸು ಇರಲೇಬೇಕು, ಏಕೆಂದರೆ ಬೆವರಿನ ಉಪ್ಪು ಸಾಕು ಸೋಡಿಯಂ, ಕ್ಲೋರೈಡ್ ಲೆಕ್ಕ ಕೆಡಿಸಲು. ಬಕೆಟ್‌ನ ಒಳಮೈ ಮುಟ್ಟುವಂತಿಲ್ಲ, ಅದರ ಮೇಲೆ ಬಗ್ಗಿ ಉಸಿರು ಬಿಡುವಂತಿಲ್ಲ, ಹತ್ತಿರದಲ್ಲಿ ಸಿಗರೇಟು ಸೇದುವಂತಿಲ್ಲ. ಪಕ್ಕದ ಮಳೆಮಾಪಕ ತೋರಿಸಿದಷ್ಟು ನೀರು ಬಕೆಟ್‌ಗೂ ಬಂದಿದೆಯೇ ಎಂದು ತಾಳೆ ನೋಡಬೇಕು. ಕಡಿಮೆ ಬಂದಿದ್ದರೆ ಮುಚ್ಚಳ ತಡವಾಗಿ ತೆರೆದಿದೆ ಎಂದೇ ಅನುಮಾನ. ಮಳೆಯೇ ಬಾರದ ವಾರವೂ ಹೋಗಲೇಬೇಕು, ‘ಮಳೆ ಇಲ್ಲ’ ಎಂದು ಬರೆಯಬೇಕು.

ನಮಗೆ ಹೆಚ್ಚು ಇಷ್ಟವಾಗುವುದು ಆ ಫಾರಂನ ಷರಾ ಭಾಗ. ಬಕೆಟ್‌ನಲ್ಲಿ ಹುಳ ಬಿದ್ದಿತ್ತು, ಪಕ್ಕದ ಹೊಲದಲ್ಲಿ ಉಳುಮೆ ನಡೆಯುತ್ತಿತ್ತು, ಕೂಳೆ ಸುಟ್ಟ ಹೊಗೆ ಬರುತ್ತಿತ್ತು ಎಂದು ಇದ್ದದ್ದನ್ನು ಇದ್ದಂತೆ ಬರೆಯುವುದು. ಹಕ್ಕಿ ಹಿಕ್ಕೆ ಬಿದ್ದರೆ ಬಳಿದು ತೆಗೆದು ಸುಮ್ಮನಾಗುವ ಮನಸ್ಸು ಯಾರಿಗಾದರೂ ಬರುತ್ತದೆ. ಆದರೆ ಪ್ರಯೋಗಾಲಯ ಫಾಸ್ಫೇಟ್ ಅನ್ನೂ ಅಳೆಯುತ್ತದೆ. ಅದು ಜಾಸ್ತಿ ಬಂದರೆ ಮಾದರಿ ಕೆಟ್ಟಿರುವ ಸುಳಿವು ಅಲ್ಲೇ ಸಿಕ್ಕಿಬಿಡುತ್ತದೆ.

ಪರೀಕ್ಷಿಸುವವರನ್ನೂ ಪರೀಕ್ಷಿಸುವ ವ್ಯವಸ್ಥೆ ಇತ್ತು. ಅಮೆರಿಕದ ಭೂಗರ್ಭ ಸರ್ವೇಕ್ಷಣೆಯವರು ಅಳತೆ ಗೊತ್ತಿರುವ ದ್ರಾವಣವನ್ನು ಕೇಂದ್ರಗಳಿಗೆ ಕಳಿಸುತ್ತಿದ್ದರು. ನಿರ್ವಾಹಕರು ಅದರಲ್ಲಿ ಒಂದು ಭಾಗವನ್ನು ಬಕೆಟ್‌ಗೆ ಸುರಿದು ಮಾಮೂಲಿ ಮಳೆಯಂತೆಯೇ ಕಳಿಸುವುದು, ಉಳಿದದ್ದನ್ನು ಸೀಸೆಯಲ್ಲೇ ವಾಪಸ್ ಮಾಡುವುದು. ಎರಡರ ನಡುವೆ ವ್ಯತ್ಯಾಸ ಬಂದರೆ ಅದು ಮಳೆಯದ್ದಲ್ಲ, ಪಾತ್ರೆಯದ್ದು ಅಥವಾ ಕೈಯದ್ದು. ಸಾಗಾಟದ ಮುಚ್ಚಳದೊಳಗಿನ ರಬ್ಬರ್ ಉಂಗುರ ಮಾದರಿಯ ಆಮ್ಲೀಯತೆಯನ್ನು ಕುಗ್ಗಿಸುತ್ತಿತ್ತು ಎಂಬುದೂ ಬೆಳಕಿಗೆ ಬಂತು. 1994ರ ಜನವರಿಯಿಂದ ಬಕೆಟ್ ಕಳಿಸುವುದು ನಿಂತು, ನೀರನ್ನು ಒಂದು ಲೀಟರಿನ ಸೀಸೆಗೆ ಸುರಿದು ಕಳಿಸುವ ಪದ್ಧತಿ ಬಂತು. ಹಳೆಯ ಅಂಕಿಗಳನ್ನು ಬಳಸುವವರಿಗೆ ಈ ಬದಲಾವಣೆಯನ್ನು ಬಹಿರಂಗವಾಗಿ ತಿಳಿಸಿದರು.

ಈ ನಡುವೆ 1987ರಲ್ಲಿ ಆಡುಬಾನ್ ಸೊಸೈಟಿ ಸಾಮಾನ್ಯ ಜನರನ್ನೂ ಕರೆಯಿತು. 225 ಸ್ವಯಂಸೇವಕರು ಮಳೆ ಹಿಡಿದು, ಆಮ್ಲೀಯತೆ ನೋಡಿ ವರದಿ ಮಾಡಿದರು. ವಿಜ್ಞಾನಕ್ಕಿಂತ ಜನಜಾಗೃತಿಗೆ ಅದರ ಉಪಯೋಗ ಹೆಚ್ಚು ಎಂಬುದು ನಮ್ಮ ಅನಿಸಿಕೆ, ಅದೇನೂ ಕಡಿಮೆಯಲ್ಲ. 1990ರಲ್ಲಿ ಶುದ್ಧ ಗಾಳಿ ಕಾಯ್ದೆಗೆ ತಿದ್ದುಪಡಿ ಬಂದು ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆಗೆ ಮಿತಿ ಬಿತ್ತು. 1995ರಿಂದ ಆ ದೇಶದ ಈಶಾನ್ಯ ಭಾಗದ ಬಕೆಟ್‌ಗಳಲ್ಲಿ ಸಲ್ಫೇಟ್ ಇಳಿದದ್ದು ಅಂಕಿಯಲ್ಲೇ ಕಂಡಿತು.

ನಮ್ಮ ದೇಶದಲ್ಲಿ ಹವಾಮಾನ ಇಲಾಖೆ 1970ರ ದಶಕದಿಂದ ಈ ಕೆಲಸ ಮಾಡಿದೆ. ಶ್ರೀನಗರ, ಜೋಧಪುರ, ಅಲಹಾಬಾದ್, ಮೋಹನ್‌ಬಾರಿ, ನಾಗಪುರ, ಪುಣೆ, ವಿಶಾಖಪಟ್ಟಣ, ಕೊಡೈಕನಾಲ್, ಮಿನಿಕಾಯ್, ಪೋರ್ಟ್ ಬ್ಲೇರ್ ಹೀಗೆ ಹತ್ತು ಕೇಂದ್ರಗಳು. ಕರ್ನಾಟಕದ ಹೆಸರು ಈ ಪಟ್ಟಿಯಲ್ಲಿ ಇಲ್ಲ. ನಮ್ಮ ಕಡೆ ಮಣ್ಣಿನ ಧೂಳಿನಲ್ಲಿರುವ ಕ್ಯಾಲ್ಸಿಯಂ ಆಮ್ಲವನ್ನು ಬಹುಮಟ್ಟಿಗೆ ತಟಸ್ಥ ಮಾಡುತ್ತದೆ, ಹಾಗಾಗಿ ಪಿಎಚ್ ಒಂದನ್ನೇ ನೋಡಿ ‘ಮಳೆ ಶುದ್ಧ’ ಎಂದು ಬರೆದರೆ ಸುದ್ದಿ ತಪ್ಪುತ್ತದೆ. ಸಲ್ಫೇಟ್, ನೈಟ್ರೇಟ್ ಎಷ್ಟೆಂದು ಕೇಳಬೇಕು.

ಯಾವುದಾದರೂ ಕಾಲೇಜಿನ ಮಕ್ಕಳು ಇದನ್ನು ಮಾಡಹೊರಟರೆ ಈ ಧೂಳೇ ಮೊದಲ ತೊಡಕು. ಬಾಯಿ ತೆರೆದ ಪಾತ್ರೆಯನ್ನು ಏಪ್ರಿಲ್‌ನಲ್ಲಿ ಎರಡು ದಿನ ತಾರಸಿ ಮೇಲಿಟ್ಟರೆ ಅಳೆಯುವುದು ಮಳೆಯನ್ನಲ್ಲ, ರಸ್ತೆಯನ್ನು. ಲೋಹದ್ದು ಬೇಡ, ಪ್ಲಾಸ್ಟಿಕ್ ಪಾತ್ರೆ ಸಾಕು. ಸೋಪು ಹಾಕದೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಮರ, ಸೂರುಗಳಿಂದ ದೂರ ಮುಚ್ಚಿಡಬೇಕು. ಮುಚ್ಚಳ ಸರಿಸುವ ಯಂತ್ರ ಇಲ್ಲದ ಕಡೆ ರಾತ್ರಿ 2 ಗಂಟೆಗೆ ಮಳೆ ಶುರುವಾದರೆ ಎದ್ದು ಹೋಗಿ ತೆರೆಯುವವರು ಯಾರು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಪಿಎಚ್ ಮೀಟರ್ ಆಮೇಲೆ ಕೊಂಡರೂ ನಡೆಯುತ್ತದೆ.