ಜೀವಕೋಶದ ತೂಬು

ಕೆರೆ, ಏರಿ, ತೂಬು, ಕೋಡಿ ಎಂಬ ಮಾತುಗಳು ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಹೊಸವಲ್ಲ. ಬೆಳುಗುಪ್ಪ, ರಾಯದುರ್ಗ, ಮಡಕಶಿರಗಳ ಬೇಸಾಯಗಾರನಿಗಂತೂ ಅವು ದಿನದ ಮಾತುಗಳು. ಏರಿಯನ್ನು ಒಡೆಯದೆ ಬೇಕಾದಷ್ಟೇ ನೀರನ್ನು ಹೊರಬಿಡುವುದೇ ತೂಬಿನ ವಿದ್ಯೆ. ಇದೇ ಸಮಸ್ಯೆ ನಮ್ಮ ಒಡಲಿನ ಜೀವಕೋಶಕ್ಕೂ ಉಂಟು. ಅದರ ಸುತ್ತ ಇರುವ ತೆಳುವಾದ ಪೊರೆ ಹರಿದರೆ ಕೋಶ ಉಳಿಯದು. ಹಾಗಿದ್ದೂ ಮೇದೋಜೀರಕ ಗ್ರಂಥಿಯ ಕೋಶ ಪಾಚಕರಸವನ್ನೂ ನರದ ತುದಿ ಸ್ನಾಯುವನ್ನು ಎಚ್ಚರಿಸುವ ದ್ರವ್ಯವನ್ನೂ ಹೊರಬಿಡುತ್ತಲೇ ಇರುತ್ತವೆ. ಇದು ಹೇಗೆಂಬ ಅರಿವಿನ ಚರಿತ್ರೆಯನ್ನೂ ಅದರಲ್ಲಿ ನಮ್ಮ ದೇಶದ ವಿಜ್ಞಾನಿಯೊಬ್ಬರ ಪಾಲನ್ನೂ ಉಪಾಧ್ಯಾಯ ಬಂಧುಗಳ ಮುಂದಿಡುವುದು ನಮ್ಮ ಉದ್ದೇಶ.

ಲಂಡನ್ನಿನ ಬರ್ನಾರ್ಡ್ ಕಾಟ್ಜ್ ಅವರು ಪಾಲ್ ಫ್ಯಾಟ್ ಅವರೊಡನೆ ಕಪ್ಪೆಯ ಸ್ನಾಯುವಿನ ಮೇಲೆ ನಡೆಸಿದ ಪ್ರಯೋಗಗಳನ್ನು 1952 ರಲ್ಲಿ ಪ್ರಕಟಿಸಿದರು. ನರ ಸುಮ್ಮನಿದ್ದಾಗಲೂ ಸ್ನಾಯುವಿನಲ್ಲಿ ಆಗಾಗ ಅತಿ ಸಣ್ಣ ವಿದ್ಯುತ್ ಮಿಡಿತಗಳು ತೋರುತ್ತಿದ್ದವು. ಅವು ಹೆಚ್ಚುಕಡಿಮೆ ಒಂದೇ ಅಳತೆಯವು. ನರ ಕೆರಳಿದಾಗ ಬರುವ ದೊಡ್ಡ ಮಿಡಿತ ಈ ಸಣ್ಣವುಗಳ ಮೊತ್ತವೇ ಎಂಬುದು 1954 ರಲ್ಲಿ ತಿಳಿದುಬಂತು. ಅಂದರೆ ನರದ ತುದಿ ದ್ರವ್ಯವನ್ನು ಸೋರಿಸುವುದಿಲ್ಲ. ಕಣದಲ್ಲಿ ರಾಗಿ ಅಳೆಯುವಂತೆ ಸೇರು ಸೇರಾಗಿ ಅಳೆದು ಕೊಡುತ್ತದೆ. ಅದೇ ಹೊತ್ತಿಗೆ ಜಾರ್ಜ್ ಪಲಾಡೆ ಮೊದಲಾದವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನರತುದಿಯನ್ನು ನೋಡಿ ಅಲ್ಲಿ ಕಿಕ್ಕಿರಿದ ಪುಟ್ಟ ಚೀಲಗಳನ್ನು ಕಂಡರು. ಒಂದೊಂದರ ಅಡ್ಡಳತೆ ಸುಮಾರು 50 ನ್ಯಾನೋಮೀಟರ್. ಒಂದು ಮಿಲಿಮೀಟರಿನ ಉದ್ದದಲ್ಲಿ ಇಂಥ 20,000 ಚೀಲಗಳನ್ನು ಸಾಲಾಗಿ ಇಡಬಹುದು. ಕಾಟ್ಜರ ಸೇರು ಈ ಚೀಲವೇ. ಅದು ಪೊರೆಗೆ ತಾಗಿ, ಪೊರೆಯೊಡನೆ ಬೆಸೆದು, ಒಳಗಿನದನ್ನು ಹೊರಗೆ ಸುರಿಯುತ್ತದೆ. 1963 ರಲ್ಲಿ ಕ್ರಿಸ್ಚಿಯನ್ ಡಿ ಡ್ಯೂವ್ ಇದಕ್ಕೆ ಎಕ್ಸೊಸೈಟೋಸಿಸ್ ಎಂದು ಹೆಸರಿಟ್ಟರು. ತರಗತಿಯಲ್ಲಿ ನಾವು ‘ಹೊರಸುರಿವು’ ಎನ್ನುತ್ತೇವೆ. ಮಕ್ಕಳು ಕೂಡಲೇ ಹಿಡಿಯುತ್ತಾರೆ.

ಈ ಹೊರಸುರಿವು ನಿಂತರೆ ಏನಾಗುವುದೆಂಬುದನ್ನು ನಮ್ಮ ಹಳ್ಳಿಗಳು ಕಂಡಿವೆ. ಕಪ್ಪು ಮೈಮೇಲೆ ಬಿಳಿ ಪಟ್ಟೆಗಳುಳ್ಳ ಕಟ್ಟುಹಾವು, ಇಲ್ಲಿಯ ತೆಲುಗಿನಲ್ಲಿ ಕಟ್ಲಪಾಮು, ರಾತ್ರಿಯ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಹೆಚ್ಚು ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣದು. ಕೆಲವು ಗಂಟೆಗಳಲ್ಲಿ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ಕೊನೆಗೆ ಉಸಿರಾಟವೇ ನಿಲ್ಲುವುದು. ಗಾಳಿ ಸೋಕಿತೆಂದು ಹೊತ್ತು ಕಳೆಯುವ ಮನೆಗಳುಂಟು. 1963 ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬವರು ಅಲ್ಲಿಯ ಕಟ್ಟುಹಾವಿನ ವಿಷವನ್ನು ಬೇರ್ಪಡಿಸಿ ನೋಡಿದಾಗ, ಅದರ ಒಂದು ಅಂಶ ಸ್ನಾಯುವಿನ ಕಡೆಯನ್ನು ತಡೆಯುವುದೂ ಇನ್ನೊಂದು ನರತುದಿಯ ಹೊರಸುರಿವನ್ನೇ ಕೆಡಿಸುವುದೂ ಗೊತ್ತಾಯಿತು. ನಮ್ಮ ಕಟ್ಟುಹಾವಿನಲ್ಲೂ ಈ ಎರಡನೆಯ ಬಗೆಯ ವಿಷವಿದೆ. ಒಮ್ಮೆ ಕೆಟ್ಟ ನರತುದಿಯನ್ನು ವಿಷಹಾರಿ ಚುಚ್ಚುಮದ್ದು ದುರಸ್ತಿ ಮಾಡಲಾರದು. ಆದ್ದರಿಂದ ಮದ್ದು ಬೇಗ ಬೀಳಬೇಕು. ನರ ಮತ್ತೆ ಚಿಗುರುವವರೆಗೆ ಕೆಲವು ದಿನ ಯಂತ್ರದ ಉಸಿರೂ ಬೇಕಾದೀತು. ಶೇಂಗಾ ಹೊಲದ ಕಾವಲಿಗೆ ಮಲಗುವ ಮನೆಗಳ ಮಕ್ಕಳಿಗೆ ಇದನ್ನು ಹೇಳುವುದರಲ್ಲಿ ಒಂದು ಪಿರಿಯಡ್ಡು ಕಳೆದರೂ ನಷ್ಟವಿಲ್ಲ.

ಇನ್ನು ನಮ್ಮ ದೇಶದ ಪಾಲು. ಉತ್ತರ ಪ್ರದೇಶದ ಬಸ್ತಿಯಲ್ಲಿ 1932 ರಲ್ಲಿ ಹುಟ್ಟಿದ ಒಬೈದ್ ಸಿದ್ದೀಕಿಯವರು 1962 ರಲ್ಲಿ ಹೋಮಿ ಭಾಭಾ ಅವರ ಕರೆಯ ಮೇರೆಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದು ಅಣುಜೀವವಿಜ್ಞಾನದ ವಿಭಾಗವನ್ನು ತೆರೆದರು. ಮುಂದೆ ಅಮೆರಿಕದ ಸೀಮೋರ್ ಬೆಂಜರ್ ಅವರೊಡನೆ ಹಣ್ಣಿನ ನೊಣದ ಒಂದು ವಿಚಿತ್ರ ತಳಿಯನ್ನು ಗುರುತಿಸಿ 1976 ರಲ್ಲಿ ಪ್ರಕಟಿಸಿದರು. ತಂಪಿನಲ್ಲಿ ಈ ನೊಣ ಉಳಿದವುಗಳಂತೆಯೇ ಓಡಾಡುತ್ತದೆ. ಕಾವು 38 ಡಿಗ್ರಿಯ ಸುಮಾರಿಗೆ ಏರಿದರೆ (ನಮ್ಮ ವೈಶಾಖಕ್ಕೆ ಅದೇನು ಲೆಕ್ಕ!) ಮೂರ್ಛೆ ಹೋಗುತ್ತದೆ, ಮರಳಿ ತಂಪಿಗೆ ತಂದರೂ ಬೇಗ ಏಳದು. ಮೂರ್ಛಿತ ಎಂಬರ್ಥದ ‘ಕೋಮಟೋಸ್’ ಎಂದೇ ಅದರ ಹೆಸರು. ಅದರಲ್ಲಿ ಕೆಟ್ಟಿರುವುದೇನೆಂದು ತಿಳಿಯಲು ಹತ್ತೊಂಬತ್ತು ವರ್ಷ ಹಿಡಿಯಿತು.

ಆ ತಿಳಿವು ಬಂದದ್ದು ಬೇರೆ ದಾರಿಯಿಂದ. ರ‍್ಯಾಂಡಿ ಶೆಕ್ಮನ್ ಯೀಸ್ಟಿನಲ್ಲಿ, ಕಾವು ಏರಿದಾಗ ಹೊರಸುರಿವು ನಿಂತುಹೋಗುವ ತಳಿಗಳನ್ನು 1979 ರಿಂದ ಹೊರತಂದರು. ಜೇಮ್ಸ್ ರಾತ್‌ಮನ್ 1988 ರಲ್ಲಿ, ಚೀಲದ ಬೆಸುಗೆಗೆ ಬೇಕಾದ ಎನ್‌ಎಸ್‌ಎಫ್ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಚೀಲದಲ್ಲೂ ಪೊರೆಯಲ್ಲೂ ಇರುವ ಸ್ನೇರ್ ಪ್ರೋಟೀನುಗಳು ಹಗ್ಗದ ಹುರಿಯಂತೆ ಹೆಣೆದುಕೊಂಡು ಎರಡನ್ನೂ ಬಳಿಗೆ ಎಳೆಯುತ್ತವೆ. ಕೆಲಸ ಮುಗಿದ ಹುರಿಯನ್ನು ಬಿಚ್ಚಿ ಮತ್ತೆ ಅಣಿಗೊಳಿಸುವುದು ಎನ್‌ಎಸ್‌ಎಫ್. 1995 ರಲ್ಲಿ ವಿಸ್ಕಾನ್ಸಿನ್ನಿನ ಗ್ಯಾನೆಟ್ಸ್‌ಕಿ ಮತ್ತು ಸಂಗಡಿಗರು, ಮೂರ್ಛಿತ ನೊಣದಲ್ಲಿ ಕೆಟ್ಟಿರುವುದು ಈ ಎನ್‌ಎಸ್‌ಎಫ್‌ನ ಜೀನೇ ಎಂದು ತೋರಿಸಿದರು. ಗಾಜಿನ ಕೊಳವೆಯಲ್ಲಿ ಕಂಡದ್ದು ಜೀವಂತ ಪ್ರಾಣಿಯ ನರದಲ್ಲೂ ನಿಜವೆನ್ನಲು ಆ ನೊಣ ಸಾಕ್ಷಿಯಾಯಿತು.

ಸಿದ್ದೀಕಿಯವರು ಆ ವೇಳೆಗೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟುತ್ತಿದ್ದರು. ಅದೇ ಊರಿನಲ್ಲಿ 2013 ರ ಜುಲೈ 26 ರಂದು ತೀರಿಕೊಂಡರು. ಅಕ್ಟೋಬರಿನಲ್ಲಿ ಚೀಲಗಳ ಈ ಸಂಚಾರದ ಅರಿವಿಗಾಗಿ ರಾತ್‌ಮನ್, ಶೆಕ್ಮನ್, ಸುಡಾಫ್ ಮೂವರಿಗೂ ನೊಬೆಲ್ ಬಹುಮಾನ ಬಂತು. ಬಹುಮಾನ ಸಲ್ಲಬೇಕಾದವರಿಗೇ ಸಂದಿದೆ. ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಮೂವರ ಹೆಸರು ಹೇಳುವ ಪಾಠದಲ್ಲಿ ನೊಣದ ಕಥೆಗೂ ಎರಡು ಸಾಲು ಇರಬೇಕು.

ತೂಬಿನ ವಿಷಯಕ್ಕೆ ಬರೋಣ. 1997 ರಲ್ಲಿ, ಭಾರತದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಭಾನು ಜೆನಾ ಮತ್ತು ಸಂಗಡಿಗರು ಜೀವಂತ ಮೇದೋಜೀರಕ ಕೋಶದ ಮೇಲ್ಮೈಯನ್ನು ಪರಮಾಣು ಬಲ ಸೂಕ್ಷ್ಮದರ್ಶಕದ ಮೊನೆಯಿಂದ ತಡವಿ ನೋಡಿ, ಅಲ್ಲಿ ಗುಳಿಗಳಿರುವುದನ್ನು ವರದಿ ಮಾಡಿದರು. ರಸ ಹೊರಡುವಾಗ ಗುಳಿಯ ಬಾಯಿ ಹಿಗ್ಗುತ್ತಿತ್ತು. ಮುಂದೆ ಇವಕ್ಕೆ ಪೊರೊಸೋಮ್ ಎಂದು ಹೆಸರಾಯಿತು. ಜೆನಾ ಅವರ ಪ್ರಕಾರ ಚೀಲ ಈ ಗುಳಿಯ ಬುಡಕ್ಕೆ ಬಂದು ತಂಗಿ, ಒಂದಷ್ಟು ಸುರಿದು, ಮತ್ತೆ ಒಳಗೆ ಸರಿಯಬಲ್ಲದು. ಎಂದರೆ ಪೊರೆಯಲ್ಲಿ ಕಾಯಮ್ಮಾದ ತೂಬೇ ಉಂಟು. ಇದನ್ನು ಎಲ್ಲರೂ ಒಪ್ಪಿಲ್ಲ. ಚೀಲ ಬೆಸೆದ ಜಾಗದಲ್ಲಿ ಆ ಹೊತ್ತಿಗೆ ಕಂಡಿ ಮೂಡಿ ಮುಚ್ಚಿಕೊಳ್ಳುತ್ತದೆ, ಮೊದಲೇ ಕಟ್ಟಿದ ಬಾಗಿಲು ಬೇಕಿಲ್ಲ ಎನ್ನುವ ಕೋಶವಿಜ್ಞಾನಿಗಳು ಬಹಳ. ನಮ್ಮ ಶಾಲೆಯಲ್ಲಿ ಎರಡು ಪಕ್ಷವನ್ನೂ ಹೇಳುತ್ತೇವೆ. ತೂಬಿನ ಚಿತ್ರ ಬರೆದ ಹುಡುಗನ ಅಂಕ ಕಡಿಯುವುದಿಲ್ಲ. ‘ವಾದದಲ್ಲಿದೆ’ ಎಂದು ಪಕ್ಕದಲ್ಲಿ ಅವನ ಕೈಯಿಂದಲೇ ಬರೆಸುತ್ತೇವೆ.