ಎದೆಯೊಳಗಿನ ಗಡ್ಡೆ

ಲಕ್ವ ಹೊಡೆಯಿತೆಂದರೆ ನಮ್ಮ ಬಾಯಿಗೆ ಮೊದಲು ಬರುವುದು ಬಿ.ಪಿ., ಸಕ್ಕರೆ ಕಾಯಿಲೆ. ಅದು ಸರಿಯೇ. ಆದರೆ ಇವೆರಡೂ ಇಲ್ಲದ ನಡುವಯಸ್ಸಿನ ಹೆಂಗಸಿಗೂ ಒಮ್ಮೊಮ್ಮೆ ಕೈಕಾಲು ಬಿದ್ದುಹೋಗುತ್ತದೆ. ಅಪರೂಪಕ್ಕೆ ಅದರ ಮೂಲ ಹೃದಯದೊಳಗಿನ ಗಡ್ಡೆಯಾಗಿರುತ್ತದೆ.

ಮಿಕ್ಸೋಮ ಎಂಬ ಈ ಗಡ್ಡೆ ಕ್ಯಾನ್ಸರ್ ಅಲ್ಲ. ಹೆಚ್ಚಾಗಿ ಎಡ ಹೃತ್ಕರ್ಣದ ಗೋಡೆಗೆ ತೊಟ್ಟಿನಿಂದ ಅಂಟಿಕೊಂಡು, ಎಳನೀರಿನ ಗಂಜಿಯಂತೆ ಲೋಳೆಯಾಗಿರುತ್ತದೆ. ಅದರ ಚೂರೊಂದು ಕಳಚಿ ರಕ್ತದೊಡನೆ ಮಿದುಳಿಗೆ ಹೋಗಿ ನಾಳವನ್ನು ಮುಚ್ಚಿದರೆ ಲಕ್ವ. ಗಂಡಸರಿಗಿಂತ ಹೆಂಗಸರಲ್ಲೇ ಇದು ಹೆಚ್ಚು. ಏದುಸಿರು, ಸಣ್ಣ ಜ್ವರ, ಕೀಲುನೋವು ಇದರ ಲಕ್ಷಣಗಳು. ಮನೆಗೆಲಸದ ದಣಿವೆಂದು ನಾವು ನುಂಗಿಕೊಳ್ಳುವಂಥವೇ ಇವೆಲ್ಲ!

1950ರವರೆಗೆ ಈ ಗಡ್ಡೆ ವೈದ್ಯರಿಗೆ ಕಾಣುತ್ತಿದ್ದುದು ಬಹುಮಟ್ಟಿಗೆ ಶವಪರೀಕ್ಷೆಯಲ್ಲಿ. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್, ಲೋಹದೊಳಗಿನ ಬಿರುಕು ಹುಡುಕುವ ಯಂತ್ರವನ್ನು ಎದೆಗೆ ಹಿಡಿದು ನೋಡಿದರು. ಬಾವಲಿಯ ಉದಾಹರಣೆ ಕೊಟ್ಟು ನಾನು ತರಗತಿಯಲ್ಲಿ ಕಲಿಸುವ ಪ್ರತಿಧ್ವನಿಯೇ ಇದರ ಗುಟ್ಟು. ಇದೇ ಮುಂದೆ ‘ಎಕೋ’ ಪರೀಕ್ಷೆಯಾಯಿತು. 1954ರಲ್ಲಿ ಸ್ಟಾಕ್‌ಹೋಮಿನಲ್ಲಿ ಕ್ಲಾರೆನ್ಸ್ ಕ್ರಾಫೋರ್ಡ್, ರಕ್ತವನ್ನು ಯಂತ್ರದ ಮೂಲಕ ಹರಿಸಿ ಹೃದಯ ತೆರೆದು ಇಂಥ ಗಡ್ಡೆಯನ್ನು ತೆಗೆದರು. ನಲವತ್ತರ ಆ ಹೆಂಗಸು ಬದುಕಿದರು. 1959ರಲ್ಲಿ ಜರ್ಮನಿಯ ವೈದ್ಯರು ಎಕೋ ಪರೀಕ್ಷೆಯಲ್ಲೇ ಈ ಗಡ್ಡೆಯನ್ನು ಗುರುತಿಸಿದರು.

ಎದೆ ಸೀಳದೆ ಒಳಗನ್ನು ಕಾಣುವ ಈ ಪರೀಕ್ಷೆ ಇಂದು ನಮ್ಮ ಜಿಲ್ಲಾ ಕೇಂದ್ರಗಳಲ್ಲೂ ಇದೆ. ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕಾರಣ ತಿಳಿಯದಿದ್ದಾಗ “ಹೃದಯವನ್ನೂ ನೋಡಿದಿರಾ, ಡಾಕ್ಟರೇ?” ಎಂದು ಕೇಳಲು ಹೆಣ್ಣುಮಕ್ಕಳು ಸಂಕೋಚಪಡಬಾರದು.